ಹೊಸ ಸ್ಪೋರ್ಟ್ಸ್ ಬೈಕಿನ ಘೋಷಣೆ: ಅಭಿಮಾನಿಗಳ ಮಾತು, ವರ್ತಕರ ಲೆಕ್ಕ

ಹೊಸ ಸ್ಪೋರ್ಟ್ಸ್ ಬೈಕೊಂದು ಮಾರುಕಟ್ಟೆಗೆ ಬರಲಿದೆ ಎಂಬ ಸುದ್ದಿ ಹೊರಬಿದ್ದ ದಿನದಿಂದಲೇ ಅಭಿಮಾನಿಗಳ ವಲಯದಲ್ಲಿ ಚರ್ಚೆ ಆರಂಭವಾಗುತ್ತದೆ. ಈ ಚರ್ಚೆ ನಗರಕ್ಕೆ ಮಾತ್ರ ಸೀಮಿತವಾದುದಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂತಹ ಗ್ರಾಮೀಣ ಪ್ರದೇಶದ ಗ್ಯಾರೇಜು, ಟೈರು ಅಂಗಡಿ ಹಾಗೂ ಬಿಡಿಭಾಗಗಳ ಮಳಿಗೆಗಳ ಮುಂದೆಯೂ ಅದೇ ಮಾತು ನಡೆಯುತ್ತದೆ. ಇಂತಹ ಉತ್ಸಾಹವನ್ನು ಬೇಡಿಕೆಯೆಂದು ಭಾವಿಸಿ ಸರಕು ತುಂಬಿಸಿಕೊಂಡ ವರ್ತಕರು ನಷ್ಟಕ್ಕೆ ಗುರಿಯಾಗುವ ಸಂಭವವಿದೆ. ಹಾಗೆಂದು ಅದನ್ನು ಹುಡುಗರ ಹರಟೆಯೆಂದು ಪೂರ್ತಿಯಾಗಿ ತಳ್ಳಿಹಾಕುವುದೂ ವಿವೇಕವಲ್ಲ. ಅಭಿಮಾನಿಗಳ ಪ್ರತಿಕ್ರಿಯೆಯಲ್ಲಿ ವ್ಯಾಪಾರಕ್ಕೆ ಉಪಯುಕ್ತವಾದ ಅಂಶ ಯಾವುದು, ಅಲ್ಲದ ಅಂಶ ಯಾವುದು ಎಂಬುದನ್ನು ಕೆಲವು ನೈಜ ಉದಾಹರಣೆಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಘೋಷಣೆಗೂ ಮಾರಾಟಕ್ಕೂ ನಡುವಣ ಅವಧಿ

ಬೆಂಗಳೂರಿನ ಅಲ್ಟ್ರಾವೈಲೆಟ್ ಸಂಸ್ಥೆಯ ಎಫ್77 ಈ ಅಧ್ಯಯನಕ್ಕೆ ಅತ್ಯಂತ ಸಮೀಪದ ಉದಾಹರಣೆ. ಟಿವಿಎಸ್ ಮೋಟಾರ್ ಕಂಪನಿಯೂ ಬಂಡವಾಳ ಹೂಡಿದ್ದ ಈ ಸಂಸ್ಥೆಯು 2019ರ ನವೆಂಬರ್‌ನಲ್ಲಿ ತನ್ನ ವಿದ್ಯುತ್ ಚಾಲಿತ ಸ್ಪೋರ್ಟ್ಸ್ ಬೈಕನ್ನು ಪ್ರದರ್ಶಿಸಿತು. ಅಂದು ಪ್ರಕಟಿಸಿದ ವಿವರಗಳ ಪ್ರಕಾರ ವಾಹನದಿಂದ ಹೊರತೆಗೆಯಬಹುದಾದ ಮೂರು ಬ್ಯಾಟರಿಗಳಿದ್ದು, ಅವುಗಳ ಒಟ್ಟು ಸಾಮರ್ಥ್ಯ 4.2 ಕಿಲೋವ್ಯಾಟ್ ಅವರ್ ಆಗಿತ್ತು. ಒಂದು ಚಾರ್ಜಿಗೆ 130ರಿಂದ 150 ಕಿ.ಮೀ. ಓಟ, ಗಂಟೆಗೆ 147 ಕಿ.ಮೀ. ಗರಿಷ್ಠ ವೇಗ, ಬೆಲೆ 3 ಲಕ್ಷ ರೂಪಾಯಿಗಳಿಂದ 3.25 ಲಕ್ಷ ರೂಪಾಯಿ ಎಂದು ತಿಳಿಸಲಾಗಿತ್ತು.

ವಾಹನವು ಮಾರಾಟಕ್ಕೆ ಬಿಡುಗಡೆಯಾದದ್ದು ಸರಿಯಾಗಿ ಮೂರು ವರ್ಷಗಳ ನಂತರ, ಅಂದರೆ 2022ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಅದರ ಸ್ವರೂಪವೇ ಬದಲಾಗಿತ್ತು. ಹೊರತೆಗೆಯುವ ಬ್ಯಾಟರಿಗಳ ಜಾಗದಲ್ಲಿ ವಾಹನಕ್ಕೇ ಜೋಡಿಸಿದ ದೊಡ್ಡ ಬ್ಯಾಟರಿ ಬಂದಿತ್ತು. 7.1 ಕಿಲೋವ್ಯಾಟ್ ಅವರ್ ಮಾದರಿಗೆ 206 ಕಿ.ಮೀ. ಹಾಗೂ 10.3 ಕಿಲೋವ್ಯಾಟ್ ಅವರ್ ಮಾದರಿಗೆ 307 ಕಿ.ಮೀ. ಓಟವೆಂದು ಪರೀಕ್ಷಾ ಮಾಪನದ ಆಧಾರದಲ್ಲಿ ಪ್ರಕಟಿಸಲಾಯಿತು. ಬೆಲೆಗಳು ಕ್ರಮವಾಗಿ 3.80 ಲಕ್ಷ ಹಾಗೂ 4.55 ಲಕ್ಷ ರೂಪಾಯಿಗಳಾದವು. ಮುಂದೆ 2024ರಲ್ಲಿ ಬಂದ ಮಾಕ್ 2 ಮಾದರಿಯ ಪ್ರಾರಂಭಿಕ ಬೆಲೆ ಮತ್ತೆ 2.99 ಲಕ್ಷ ರೂಪಾಯಿಗೆ ಇಳಿಯಿತು.

ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310ರ ಕಥೆಯೂ ಇದಕ್ಕೆ ಹೊರತಲ್ಲ. 2016ರ ಫೆಬ್ರವರಿಯ ಆಟೋ ಎಕ್ಸ್‌ಪೋದಲ್ಲಿ ಅಕುಲ ಎಂಬ ಹೆಸರಿನಲ್ಲಿ ಪ್ರದರ್ಶಿತವಾದ ಮಾದರಿಯು ಆರ್‌ಆರ್ 310 ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದದ್ದು 2017ರ ಡಿಸೆಂಬರ್‌ನಲ್ಲಿ. ಆಗಿನ ಬೆಲೆ 2.05 ಲಕ್ಷ ರೂಪಾಯಿ. ಘೋಷಣೆಯ ದಿನದ ವಿವರಗಳನ್ನು ಅಂತಿಮವೆಂದು ಪರಿಗಣಿಸುವುದು ಎಷ್ಟು ಅಪಾಯಕರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರತಿಕ್ರಿಯೆಗಳ ನಾಲ್ಕು ಬಗೆ

ಅಭಿಮಾನಿಗಳ ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ರೂಪದ ಬಗೆಗಿನ ಮೆಚ್ಚುಗೆ. ಬಣ್ಣ, ವಿನ್ಯಾಸ, ಮುಂದೀಪ ಇತ್ಯಾದಿಗಳ ಹೊಗಳಿಕೆ ಅಥವಾ ಟೀಕೆ ಇದರಲ್ಲಿ ಸೇರುತ್ತದೆ. ಇದರಿಂದ ವರ್ತಕರಿಗೆ ದೊರೆಯುವ ಮಾಹಿತಿ ಅತ್ಯಲ್ಪ.

ಎರಡನೆಯದು ಹೋಲಿಕೆ. ಶಕ್ತಿ, ತೂಕ, ವೇಗಗಳನ್ನು ಬೇರೆ ಬೈಕುಗಳೊಡನೆ ತೂಗಿ ನೋಡುವ ಮಾತು ಇದು. ಗ್ರಾಹಕರು ಯಾವ ಯಾವ ವಾಹನಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ಬೆಲೆಯ ಮಾತು. ಷೋರೂಂ ಬೆಲೆಗೆ ರಸ್ತೆ ತೆರಿಗೆ, ವಿಮೆ ಸೇರಿದ ಮೇಲೆ ಎಷ್ಟಾಗುತ್ತದೆ, ಮಾಸಿಕ ಕಂತು ಎಷ್ಟು ಬೀಳುತ್ತದೆ ಎಂದು ಕೇಳುವವರು ಖರೀದಿಗೆ ಒಂದು ಹೆಜ್ಜೆ ಹತ್ತಿರವಿರುತ್ತಾರೆ.

ನಾಲ್ಕನೆಯದು ಬಳಕೆಯ ಪ್ರಶ್ನೆ. ಸರ್ವೀಸ್ ಎಲ್ಲಿ, ಬಿಡಿಭಾಗ ಎಷ್ಟು ದಿನಕ್ಕೆ ಸಿಗುತ್ತದೆ, ವಿದ್ಯುತ್ ವಾಹನವಾದರೆ ಚಾರ್ಜ್ ಎಲ್ಲಿ ಮಾಡಬೇಕು ಎಂಬ ಪ್ರಶ್ನೆಗಳು ಇದಕ್ಕೆ ಸೇರುತ್ತವೆ. ಗ್ರಾಮೀಣ ವರ್ತಕರು ಹೆಚ್ಚಿನ ಗಮನ ನೀಡಬೇಕಾದದ್ದು ಈ ಬಗೆಗೆ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿ.ಮೀ. ದೂರವಿದ್ದು, ಹೋಗಿಬರಲು 80 ಕಿ.ಮೀ. ಆಗುತ್ತದೆ. ಅದರಾಚೆಯ ಸಾಸಲಿನಿಂದ ಹೊರಟವರಿಗೆ ಇನ್ನೂ ಹೆಚ್ಚು. ಪರೀಕ್ಷಾ ಮಾಪನದಲ್ಲಿ ದೊರೆತ ಓಟ ರಸ್ತೆಯಲ್ಲಿ ಪೂರ್ತಿಯಾಗಿ ದೊರೆಯುವುದಿಲ್ಲ. ಹೀಗಿರುವಾಗ 150 ಕಿ.ಮೀ. ಓಟದ ವಾಹನಕ್ಕೂ 300 ಕಿ.ಮೀ. ಓಟದ ವಾಹನಕ್ಕೂ ಇರುವ ವ್ಯತ್ಯಾಸ ಇಲ್ಲಿಯ ಗ್ರಾಹಕರಿಗೆ ಬರಿಯ ಅಂಕಿಯ ವ್ಯತ್ಯಾಸವಲ್ಲ. ನಡುದಾರಿಯಲ್ಲಿ ನಿಲ್ಲದೆ ಮನೆ ಸೇರುವ ಪ್ರಶ್ನೆ.

ಮೆಚ್ಚುಗೆ ಬೇರೆ, ಮುಂಗಡ ಬೇರೆ

1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಯಮಹಾ ತಂತ್ರಜ್ಞಾನದಿಂದ ತಯಾರಿಸಿದ ರಾಜದೂತ್ 350 ಬೈಕು ವೇಗಪ್ರಿಯರ ಕಣ್ಮಣಿಯಾಯಿತು. ಆದರೆ ಪೆಟ್ರೋಲ್ ಖರ್ಚು ಮತ್ತು ಬೆಲೆಯನ್ನು ಲೆಕ್ಕಹಾಕಿದ ಸಾಮಾನ್ಯ ಗ್ರಾಹಕರು ದೂರವೇ ಉಳಿದರು. ಆ ದಶಕ ಮುಗಿಯುವ ಹೊತ್ತಿಗೆ ಅದರ ತಯಾರಿಕೆಯೂ ಕೊನೆಗೊಂಡಿತು. ಅಭಿಮಾನಿಗಳ ಪ್ರೀತಿ ಮಾತ್ರ ಇಂದಿಗೂ ಕುಂದಿಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ನಂತರವೂ ಜಾವಾ, ಯೆಜ್ಡಿ ಬೈಕುಗಳ ಅಭಿಮಾನ ಉಳಿದುಬಂದಿತ್ತು. ಅವು ಸ್ಪೋರ್ಟ್ಸ್ ಬೈಕುಗಳಲ್ಲವಾದರೂ ಅಭಿಮಾನವು ಹಣವಾಗಿ ಪರಿವರ್ತನೆಯಾಗುವ ಬಗೆಯನ್ನು ಅವುಗಳ ಮರುಪ್ರವೇಶ ತೋರಿಸುತ್ತದೆ. 2018ರ ನವೆಂಬರ್‌ನಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾ ಹೆಸರನ್ನು ಮರಳಿ ತಂದಾಗ ಜನರು 5,000 ರೂಪಾಯಿ ಮುಂಗಡ ಕೊಟ್ಟು ಹೆಸರು ನೋಂದಾಯಿಸಿದರು. ಡಿಸೆಂಬರ್ ಅಂತ್ಯದ ವೇಳೆಗೆ 2019ರ ಸೆಪ್ಟೆಂಬರ್‌ವರೆಗಿನ ಬೈಕುಗಳು ಮಾರಾಟವಾಗಿವೆಯೆಂದು ಸಂಸ್ಥೆ ತಿಳಿಸಿತು. ಇಲ್ಲಿ ಅಭಿಮಾನದ ಹಿಂದೆ ಹಣವಿತ್ತು. ಆದರೆ ವಾಹನಗಳ ವಿತರಣೆ ಆರಂಭವಾದದ್ದು 2019ರ ಮಾರ್ಚ್ ಕೊನೆಯಲ್ಲಿ. ಆದ್ದರಿಂದ ಬಿಡಿಭಾಗಗಳ ವ್ಯಾಪಾರವು ಘೋಷಣೆಯನ್ನಾಗಲಿ, ಬುಕಿಂಗನ್ನಾಗಲಿ ಅನುಸರಿಸದೆ, ರಸ್ತೆಗಿಳಿದ ವಾಹನಗಳ ಸಂಖ್ಯೆಯನ್ನು ಅನುಸರಿಸಬೇಕಾಗುತ್ತದೆ.

ಬಿಡಿಭಾಗಗಳ ವರ್ತಕರಿಗೆ

ಹೊಸ ಬೈಕಿನ ಹೆಸರು ಹೊಸದಾದರೂ ಸವೆಯುವ ಭಾಗಗಳೆಲ್ಲ ಹೊಸವಾಗಿರುವುದಿಲ್ಲ. ಎಫ್77, ಆರ್‌ಆರ್ 310 ಹಾಗೂ ಕೆಟಿಎಂ ಆರ್‌ಸಿ 390 ಬೇರೆ ಬೇರೆ ಕಂಪನಿಗಳ ವಾಹನಗಳು. ಅಭಿಮಾನಿಗಳು ಅವುಗಳ ವಿಷಯದಲ್ಲಿ ಜಗಳವಾಡುವುದೂ ಉಂಟು. ಆದರೆ ಮೂರಕ್ಕೂ ಮುಂದಿನ ಟೈರು 110/70, ಹಿಂದಿನದು 150/60, ಚಕ್ರದ ಅಳತೆ 17 ಅಂಗುಲ. ಒಂದೇ ಬೈಕಿಗೆ ಸೇರಿದ ಭಾಗವನ್ನು ಸಂಗ್ರಹಿಸುವುದಕ್ಕಿಂತ ಹಲವು ಬೈಕುಗಳಿಗೆ ಹೊಂದುವ ಅಳತೆಯ ಸರಕನ್ನು ಇಡುವುದು ಸುರಕ್ಷಿತ.

ಎಫ್77ಗೆ ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬೇಕಾಗುವುದಿಲ್ಲ. ಆದರೆ ಹಿಂದಿನ ಚಕ್ರ ತಿರುಗುವುದು ಚೈನಿನಿಂದಲೇ ಆದುದರಿಂದ ಚೈನ್, ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಟೈರುಗಳ ಅಗತ್ಯ ಮುಂದುವರಿಯುತ್ತದೆ. ವಿದ್ಯುತ್ ಬೈಕು ಬಂದರೆ ವ್ಯಾಪಾರವೇ ಮುಗಿಯಿತೆಂಬ ಭಯಕ್ಕೂ, ಎಲ್ಲವೂ ಮೊದಲಿನಂತೆಯೇ ಇರುತ್ತದೆಂಬ ಭರವಸೆಗೂ ಆಧಾರವಿಲ್ಲ.

ದಾಸ್ತಾನಿನ ಮೇಲಿನ ಬಡ್ಡಿಯನ್ನೂ ಮರೆಯುವಂತಿಲ್ಲ. ಲೆಕ್ಕದ ಅನುಕೂಲಕ್ಕಾಗಿ, ಸಾಸಲಿನ ವರ್ತಕರೊಬ್ಬರು ಘೋಷಣೆಯ ದಿನವೇ 3 ಲಕ್ಷ ರೂಪಾಯಿಯ ಸರಕನ್ನು ಶೇ. 12ರ ಸಾಲದಲ್ಲಿ ತಂದರೆಂದು ಇಟ್ಟುಕೊಳ್ಳೋಣ. ವಾಹನ ರಸ್ತೆಗಿಳಿಯಲು ಮೂರು ವರ್ಷ ಹಿಡಿದರೆ ಸರಳ ಬಡ್ಡಿಯೇ 1.08 ಲಕ್ಷ ರೂಪಾಯಿಯಾಗುತ್ತದೆ. ಅಷ್ಟರೊಳಗೆ ಮಾದರಿ ಬದಲಾದರೆ ಅಸಲಿಗೂ ಸಂಚಕಾರ.

ಸಣ್ಣ ಉದ್ದಿಮೆದಾರರಿಗೆ

ತಯಾರಕರ ಪಾಲಿಗೆ ಅಪಾಯ ಇನ್ನೂ ಹೆಚ್ಚಿನದು. ಒಂದು ಬ್ರಾಕೆಟ್‌ಗಾಗಿ 4 ಲಕ್ಷ ರೂಪಾಯಿಯ ಡೈ ಮಾಡಿಸಿದರೆಂದು ಭಾವಿಸೋಣ. 10,000 ಬ್ರಾಕೆಟ್ ಮಾರಾಟವಾದರೆ ಒಂದೊಂದರ ಮೇಲೆ ಬೀಳುವ ಡೈ ವೆಚ್ಚ 40 ರೂಪಾಯಿ; 1,000 ಮಾತ್ರ ಮಾರಾಟವಾದರೆ ಅದು 400 ರೂಪಾಯಿ. 2019ರ ಎಫ್77 ಚಿತ್ರವನ್ನು ನೋಡಿ ಹೊರತೆಗೆಯುವ ಬ್ಯಾಟರಿಗೆ ಹೊಂದುವ ಪೆಟ್ಟಿಗೆಯನ್ನೋ ಹಿಡಿಕೆಯನ್ನೋ ತಯಾರಿಸಲು ಡೈ ಮಾಡಿಸಿದವರಿದ್ದರೆ, 2022ರಲ್ಲಿ ಅವರ ಡೈಗೆ ಒಂದು ಬಿಡಿಗಾಸಿನ ಉಪಯೋಗವೂ ಉಳಿಯುತ್ತಿರಲಿಲ್ಲ.

ಇದೇ ಪ್ರತಿಕ್ರಿಯೆಗಳಿಂದ ಲಾಭ ಪಡೆಯುವ ಮಾರ್ಗವೂ ಉಂಟು. ಆರ್‌ಆರ್ 310ಕ್ಕೆ 2019ರಲ್ಲಿ ಸ್ಲಿಪ್ಪರ್ ಕ್ಲಚ್ ಸೇರಿತು. 2021ರಲ್ಲಿ ಗ್ರಾಹಕರು ತಮಗೆ ಬೇಕಾದ ಸಸ್ಪೆನ್ಷನ್ ಮತ್ತಿತರ ಸೌಲಭ್ಯಗಳನ್ನು ಹೆಚ್ಚಿನ ಹಣ ಕೊಟ್ಟು ಆಯ್ದುಕೊಳ್ಳುವ ವ್ಯವಸ್ಥೆಯನ್ನು ಕಂಪನಿ ಆರಂಭಿಸಿತು. ‘ಇದೂ ಇರಬೇಕಿತ್ತು’ ಎಂಬ ಅಭಿಮಾನಿಗಳ ಕೊರಗು ಕಂಪನಿಗೆ ಮಾರಬಹುದಾದ ಸರಕಾಗುತ್ತದೆಂಬುದಕ್ಕೆ ಇದು ನಿದರ್ಶನ. ಸಾಮಾನು ಕಟ್ಟುವ ಸ್ಟ್ಯಾಂಡು, ಕ್ರ್ಯಾಶ್ ಗಾರ್ಡು, ಹಿಂಬದಿಯ ಮಡ್‌ಗಾರ್ಡಿನ ವಿಸ್ತರಣೆ ಮುಂತಾದ ಕೊರತೆಗಳನ್ನು ಸವಾರರು ಪದೇ ಪದೇ ಹೇಳುತ್ತಿದ್ದರೆ ಸಣ್ಣ ಕಾರ್ಖಾನೆಗಳು ಅದನ್ನು ಬರೆದಿಟ್ಟುಕೊಳ್ಳಬೇಕು. ವಾಹನ ಮಾರಾಟಕ್ಕೆ ಬಂದ ಮೇಲೆ ನಿಜವಾದ ವಾಹನದ ಅಳತೆ ತೆಗೆದು, ಮೊದಲು ಕೈಕೆಲಸದಿಂದ ಹತ್ತಿಪ್ಪತ್ತು ಭಾಗಗಳನ್ನು ಮಾಡಿ ಮಾರಿ, ಬೇಡಿಕೆ ಖಚಿತವಾದ ನಂತರವೇ ಡೈಗೆ ಹಣ ಹಾಕುವುದು ಸೂಕ್ತ.

ತೆರಿಗೆಯ ಪರಿಣಾಮ

ಘೋಷಣೆಯ ದಿನದ ಬೆಲೆಯನ್ನು ತೆರಿಗೆಯೂ ಬದಲಿಸಬಲ್ಲದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡ ಎಂಜಿನ್ನಿನ ಬೈಕುಗಳಿಗೆ ಶೇ. 40ರ ದರ ನಿಗದಿಯಾಯಿತು. ವಿದ್ಯುತ್ ವಾಹನಗಳ ದರ ಶೇ. 5ರಲ್ಲಿಯೇ ಉಳಿಯಿತು. ಬೈಕಿನ ಬಿಡಿಭಾಗಗಳ ದರವೂ ಶೇ. 18ಕ್ಕೆ ಇಳಿಯಿತು. ಇಂತಹ ಬದಲಾವಣೆಯಿಂದ ಅಭಿಮಾನಿಗಳು ಹೋಲಿಸುತ್ತಿದ್ದ ಬೈಕುಗಳ ಬೆಲೆಯ ಅಂತರ ಒಂದೇ ದಿನದಲ್ಲಿ ಏರುಪೇರಾಗುತ್ತದೆ.

ಉಪಸಂಹಾರ

ಅಭಿಮಾನಿಗಳ ಪ್ರತಿಕ್ರಿಯೆ ಒಂದು ಆರ್ಡರ್ ಅಲ್ಲ, ಅದೊಂದು ಸೂಚನೆ. ಏನು ಬೇಕೆಂಬುದನ್ನು ಅದು ತಿಳಿಸುತ್ತದೆ. ಎಷ್ಟು ಬೇಕು, ಯಾವಾಗ ಬೇಕು ಎಂಬುದನ್ನು ತಿಳಿಸುವುದಿಲ್ಲ. ಹೊಸ ಬೈಕಿನ ಸುದ್ದಿ ಬಂದಾಗ ವರ್ತಕರು ತಮ್ಮ ಗಿರಾಕಿಗಳ ಪ್ರಶ್ನೆಗಳನ್ನು ಪುಸ್ತಕವೊಂದರಲ್ಲಿ ಬರೆದಿಡಲಿ. ಮುಂಗಡ ಕೊಟ್ಟವರೆಷ್ಟು, ಸುತ್ತಮುತ್ತ ರಸ್ತೆಗಿಳಿದ ವಾಹನಗಳೆಷ್ಟು ಎಂಬುದನ್ನು ಅದರ ಪಕ್ಕದಲ್ಲಿ ಗುರುತಿಸಲಿ. ಈ ಎರಡು ಸಾಲುಗಳು ಒಂದಕ್ಕೊಂದು ಹೊಂದಿದ ದಿನ ಸರಕು ತರಿಸಿದರೆ ಸಾಕು. ಸ್ವಲ್ಪ ತಡವಾಗಿ ತಂದ ಸರಕಿಗೆ ಗಿರಾಕಿ ನಾಲ್ಕು ದಿನ ಕಾಯಬಹುದು. ಮೊದಲೇ ತಂದ ಸರಕಿಗೆ ಬಡ್ಡಿ ಒಂದು ದಿನವೂ ಕಾಯುವುದಿಲ್ಲ.