ಸಿಡಿಲಿನ ಕಂಬಿಯ ಪರೀಕ್ಷೆ

ದೊಡ್ಡ ಕಟ್ಟಡಗಳ ನೆತ್ತಿಯಲ್ಲಿ ಮೊನೆಯುಳ್ಳ ಲೋಹದ ಸರಳನ್ನು ನಾವೆಲ್ಲರೂ ಕಂಡಿರುವೆವು. ಅದಿರುವಲ್ಲಿ ಸಿಡಿಲಿನ ಭಯವಿಲ್ಲವೆಂದು ನೆಮ್ಮದಿಯಿಂದಿರುವುದೂ ಉಂಟು. ಆದರೆ ಕಣ್ಣಿಗೆ ಕಾಣುವ ಸರಳು ರಕ್ಷಣೆಯ ಒಂದು ಅಂಶ ಮಾತ್ರ. ಅದರಿಂದಿಳಿಯುವ ಕಂಬಿ, ಕಂಬಿಯ ಜೋಡಣೆಗಳು, ನೆಲದಲ್ಲಿ ಹೂಳಿದ ಲೋಹ, ಇವು ಮೂರೂ ಸರಿಯಾಗಿದ್ದರೆ ಮಾತ್ರ ಸಿಡಿಲು ಕಟ್ಟಡವನ್ನು ಕೆಡಿಸದೆ ಮಣ್ಣನ್ನು ಸೇರುವುದು.

ಇಂಗ್ಲೆಂಡಿನ ಪರ್‌ಫ್ಲೀಟ್ ಎಂಬಲ್ಲಿ ಸರಕಾರದ ಸಿಡಿಮದ್ದಿನ ಉಗ್ರಾಣಗಳಿದ್ದವು. 1772ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದ ವಿದ್ವಾಂಸರ ಸಲಹೆಯ ಮೇರೆಗೆ ಅಲ್ಲಿಗೆ ಸಿಡಿಲಿನ ಕಂಬಿಗಳು ಬಂದವು. ಆದರೂ 1777ರ ಮೇ ತಿಂಗಳಲ್ಲಿ ಅಲ್ಲಿಯ ಒಂದು ಕಟ್ಟಡಕ್ಕೆ ಸಿಡಿಲು ಬಡಿಯಿತು. ಬಡಿದದ್ದು ಮೊನೆಗಲ್ಲ, ಗೋಡೆಯ ಮೇಲಣ ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಪಟ್ಟಿಗೆ. ಆ ಪಟ್ಟಿಯನ್ನು ಕಂಬಿಗೆ ಜೋಡಿಸಿರಲಿಲ್ಲ. ಹಾನಿ ಅಲ್ಪವಾಗಿತ್ತು; ಆದರೆ ಒಂದು ಸಣ್ಣ ಜೋಡಣೆಯ ಬೆಲೆ ಎಷ್ಟೆಂಬುದು ತಿಳಿಯಿತು.

ಈಗ ಇಂಥ ಜೋಡಣೆಗಳ ಪರೀಕ್ಷೆಗೆ ಅಂತರರಾಷ್ಟ್ರೀಯ ನಿಯಮಗಳುಂಟು. ಮೊದಲು ಜೋಡಣೆಯನ್ನು ಉಪ್ಪಿನ ಮಂಜಿನಲ್ಲಿಯೂ ಗಂಧಕದ ಹೊಗೆ ಕೂಡಿದ ತೇವದ ಗಾಳಿಯಲ್ಲಿಯೂ ಇಡುವರು. ಯಾಕಂದರೆ ಹೊಸದು ಗೆಲ್ಲುವುದು ದೊಡ್ಡದಲ್ಲ, ಹಳತಾದ ಮೇಲೂ ಗೆಲ್ಲತಕ್ಕದ್ದು. ಬಳಿಕ ಅದರೊಳಗೆ ಮೂರು ಸಲ ಸಿಡಿಲಿನಂತಹ ವಿದ್ಯುತ್ತನ್ನು ಹಾಯಿಸುವರು. ಬಲವಾದ ವರ್ಗದ ಜೋಡಣೆಗೆ ಇದರ ಪ್ರಮಾಣ 1,00,000 ಆಂಪಿಯರ್. ಅನಂತರವೂ ಅದರ ತಡೆಯು ಸಾಮಾನ್ಯವಾಗಿ ಒಂದು ಓಮಿನ ಸಾವಿರದಲ್ಲೊಂದು ಪಾಲನ್ನು ಮೀರಬಾರದು.

ನೆಲದಲ್ಲಿ ಹೂಳುವ ಉಕ್ಕಿನ ಸರಳಿಗೆ ತಾಮ್ರದ ಹೊದಿಕೆಯಿದ್ದರೆ ಆ ಹೊದಿಕೆ ಕಾಲು ಮಿಲಿಮೀಟರಿಗೆ ಕಡಿಮೆಯಿರಬಾರದು. ಸರಳನ್ನು ಬಾಗಿಸಿ, ಹೊದಿಕೆ ಸೀಳುವುದೋ ಎಂದು ನೋಡುವರು. ಸೀಳಿದಲ್ಲಿ ತೇವವು ಹೊಕ್ಕು, ತಾಮ್ರದ ನೆರೆಯಲ್ಲಿರುವ ಉಕ್ಕು ಬೇಗನೆ ತುಕ್ಕು ಹಿಡಿದು ಸವೆಯುವುದು.

ಇಷ್ಟಾದರೂ ಪ್ರಯೋಗಶಾಲೆಯು ನಮ್ಮ ಅಂಗಳದ ಮಣ್ಣನ್ನು ಅರಿಯದು. ಆದಕಾರಣ ಸ್ಥಳದಲ್ಲಿಯೇ ಅಳೆಯಬೇಕು. ದೂರದಲ್ಲಿ ನೆಟ್ಟ ಒಂದು ಗೂಟಕ್ಕೂ ಹೂಳಿದ ಲೋಹಕ್ಕೂ ನಡುವೆ ವಿದ್ಯುತ್ತನ್ನು ಹರಿಸಿ, ಅವೆರಡರ ನಡುವಣ ಮತ್ತೊಂದು ಗೂಟದಿಂದ ಒತ್ತಡವನ್ನು ತಿಳಿದು, ಭೂಮಿಯ ತಡೆಯನ್ನು ಲೆಕ್ಕಿಸುವರು. ಸಾಧ್ಯವಾದಲ್ಲಿ ಅದು 10 ಓಮಿಗಿಂತ ಕಡಿಮೆಯಿರುವುದು ಲೇಸು. ಮಳೆಗಾಲದಲ್ಲಿ ಮಾತ್ರ ಅಳೆದರೆ ಮೋಸಹೋಗುವೆವು. ಒದ್ದೆ ನೆಲವು ವಿದ್ಯುತ್ತನ್ನು ಸುಲಭವಾಗಿ ಒಯ್ಯುವುದು. ನಮ್ಮ ನಾಡಿನಲ್ಲಾದರೋ ಏಪ್ರಿಲ್, ಮೇ ತಿಂಗಳುಗಳ ಗುಡುಗುಮಳೆಗಳು ನೆಲವು ಬೇಸಗೆಯಿಂದ ಒಣಗಿರುವಾಗಲೇ ಬರುವವು.

ಹೆತ್ತವರೂ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳು ಕೂಡುವ ಯಾವ ಕಟ್ಟಡಕ್ಕೆ ಹೋದರೂ ಮೇಲಿನ ಮೊನೆಯನ್ನು ನೋಡಿ ತೃಪ್ತರಾಗದೆ, ಒಂದು ಮಾತು ಕೇಳಬೇಕೆಂದು ನಮ್ಮ ಬಿನ್ನಹ: ಇದರ ಬುಡವನ್ನು ಬೇಸಗೆಯಲ್ಲಿ ಕಡೆಯ ಸಲ ಅಳೆದದ್ದು ಯಾವಾಗ?