ಬಿಚ್ಚಲಾರದ ಕಟ್ಟು

ಕನ್ನಡದಲ್ಲಿ ತೆರೆಯುವ ಕೆಲಸವನ್ನು ಹೇಳಲು ಒಂದೇ ಒಂದು ಮಾತಿಲ್ಲ. ಬಾಗಿಲನ್ನು ತೆರೆಯುತ್ತಾರೆ, ಗಂಟನ್ನು ಬಿಚ್ಚುತ್ತಾರೆ, ಬಾಳೆಯ ಹಣ್ಣನ್ನು ಸುಲಿಯುತ್ತಾರೆ, ಹಲಸಿನ ತೊಳೆಯನ್ನು ಬಿಡಿಸುತ್ತಾರೆ, ತೆಂಗಿನಕಾಯಿಯನ್ನು ಒಡೆಯುತ್ತಾರೆ, ನೆನೆಸಿದ ಅವರೆಯ ಕಾಳನ್ನು ಹಿದುಕುತ್ತಾರೆ. ಮಾತುಗಳು ಹೀಗೆ ಬಗೆಬಗೆಯಾಗಿರುವುದು ಆಡುವವರ ಚಮತ್ಕಾರದಿಂದಲ್ಲ. ಒಂದೊಂದು ಹೊದಿಕೆಯ ಮೇಲೂ ಬೆರಳುಗಳು ಒಂದೊಂದು ರೀತಿಯಲ್ಲಿ ಕೆಲಸಮಾಡುತ್ತವೆ. ಬೆರಳು ಕಲಿತ ಪಾಠವನ್ನು ನಾಲಗೆ ಒಪ್ಪಿಕೊಂಡಿದೆ, ಅಷ್ಟೆ. ಈಚಿನ ಕೆಲವು ದಶಕಗಳಲ್ಲಿ ಅಂಗಡಿಗಳನ್ನು ಹೊಕ್ಕಿರುವ ಒಂದು ಹೊದಿಕೆಗೆ ಮಾತ್ರ ತಕ್ಕ ಕ್ರಿಯಾಪದ ಇನ್ನೂ ಸಿಕ್ಕಿಲ್ಲ. ಗಾಜಿನಂತೆ ಪಾರದರ್ಶಕವಾಗಿ, ಅಂಚಿನ ಸುತ್ತಲೂ ಬೆಸೆದುಕೊಂಡು, ಒಳಗಿನ ವಸ್ತುವನ್ನು ಕಣ್ಣಿಗೆ ತೋರಿಸಿ ಕೈಗೆ ಕೊಡದಿರುವ ಗಡುಸು ಪ್ಲಾಸ್ಟಿಕ್ಕಿನ ಕವಚವೇ ಅದು. ಅದನ್ನು ಬಿಚ್ಚುತ್ತಾರೆ ಎನ್ನಲಾಗದು, ಸುಲಿಯುತ್ತಾರೆ ಎನ್ನಲೂ ಆಗದು. ಅದರೊಡನೆ ಹೆಣಗುತ್ತಾರೆ.

ಹಾಸನ ತಾಲ್ಲೂಕಿನ ಕಟ್ಟಾಯದಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಆ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬೆರಳ ತುದಿಯ ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿ, ಗ್ಲುಕೋಮೀಟರಿನಲ್ಲಿ ಸಕ್ಕರೆಯ ಅಂಶವನ್ನು ನೋಡಿಕೊಂಡು, ಆಮೇಲೆ ಇನ್ಸುಲಿನ್ ಚುಚ್ಚಿಕೊಂಡು ರೊಟ್ಟಿ ತಿನ್ನುವುದು ಆಕೆಯ ಕ್ರಮ. ಒಂದು ದಿನ ಯಂತ್ರ ಕಣ್ಣು ತೆರೆಯಲಿಲ್ಲ. ಒಳಗಿನ ಬಿಲ್ಲೆ ಬ್ಯಾಟರಿ ಮುಗಿದುಹೋಗಿತ್ತು. ಮಗ ಹಿಂದಿನ ವಾರವೇ ಹಾಸನದಿಂದ ಎರಡು ಹೊಸ ಬ್ಯಾಟರಿಗಳನ್ನು ತಂದಿಟ್ಟಿದ್ದ. ನಾಣ್ಯದಷ್ಟಗಲದ ಬ್ಯಾಟರಿಗಳಿಗೆ ಅಂಗೈಯಗಲದ ಕವಚ.

ಅಜ್ಜಿ ಮೊದಲು ಉಗುರಿನಿಂದ ಅಂಚನ್ನು ಕೆದಕಿದಳು. ಎರಡು ಹಾಳೆ ಬೆಸೆದು ಒಂದಾಗಿರುವ ಕಡೆ ಉಗುರು ಹೋಗಲು ಸಂದಿಯೆಲ್ಲಿ? ಹಲ್ಲಿಗೆ ಕೊಟ್ಟಳು, ಉಳಿದಿದ್ದ ನಾಲ್ಕು ಹಲ್ಲು ಆ ಕೆಲಸವನ್ನು ಒಪ್ಪಲಿಲ್ಲ. ಈಳಿಗೆಮಣೆಯ ಮುಂದೆ ಕುಳಿತು, ಕುಂಬಳಕಾಯಿಯನ್ನು ಒತ್ತುವಂತೆ ಒತ್ತಿದಳು. ಎಷ್ಟೋ ಕುಂಬಳವನ್ನು ಹೋಳು ಮಾಡಿದ್ದ ಈಳಿಗೆ ಆ ನುಣುಪಿನ ಮೇಲೆ ಜಾರಿತು. ಶಾಲೆಗೆ ಹೊರಟಿದ್ದ ಮೊಮ್ಮಗ, ಒಂಬತ್ತನೆಯ ತರಗತಿಯವನು, ಇದನ್ನು ನೋಡಿ ಒಳಗೆ ಬಂದ.

“ಕೊಡಜ್ಜಿ ಇಲ್ಲಿ, ನಾನು ಬಿಚ್ಚಿಕೊಡ್ತೀನಿ.”

“ಬ್ಯಾಡ ಕಣ್ ಮಗ, ಕೈ ಕುಯ್ದುಬಿಡ್ತದೆ.”

ಅವನು ಕೇಳಲಿಲ್ಲ. ಚೀಲದಿಂದ ಜ್ಯಾಮಿಟ್ರಿ ಪೆಟ್ಟಿಗೆಯನ್ನು ತೆಗೆದು, ಕೈವಾರದ ಮೊನೆಯನ್ನು ಪ್ಲಾಸ್ಟಿಕ್ಕಿನ ಮೇಲೆ ಊರಿ ಭಾರ ಬಿಟ್ಟ. ಒಂದು ತೂತು ಬಿತ್ತು. ಎರಡನೆಯ ಸಲ ಮೊನೆ ಜಾರಿ ಹೆಬ್ಬೆರಳನ್ನು ಗೀರಿತು. ಅಜ್ಜಿ ಬ್ಯಾಟರಿಯನ್ನು ಮರೆತು ಅರಿಸಿನದ ಡಬ್ಬಿಗೆ ಕೈಹಾಕಿದಳು. ಒಲೆಯ ಪಕ್ಕದಲ್ಲಿ ರೊಟ್ಟಿ ಆರುತ್ತಿತ್ತು.

ಬೆಳೆಯುವ ಹುಡುಗನ ಬಲವೂ ಸಾಲದೆ ಹೋದದ್ದೇಕೆ? ಈ ಕವಚವನ್ನು ಮಾಡುವ ಬಗೆಯನ್ನು ತಿಳಿದರೆ ಉತ್ತರ ಸಿಕ್ಕುತ್ತದೆ. ಪಿ.ವಿ.ಸಿ. ಅಥವಾ ಪೆಟ್ ಎಂಬ ಪ್ಲಾಸ್ಟಿಕ್ಕಿನ ಹಾಳೆಯನ್ನು ಮೆತ್ತಗಾಗುವವರೆಗೆ ಕಾಯಿಸಿ ಅಚ್ಚಿನ ಮೇಲೆ ಎಳೆಯುತ್ತಾರೆ. ಆರಿದಾಗ ಅದು ಒಳಗಿಡುವ ವಸ್ತುವಿನ ಆಕಾರದ ಗುಳಿಯನ್ನು ಪಡೆದು ಗಡುಸಾಗುತ್ತದೆ. ವಸ್ತುವನ್ನು ಅದರಲ್ಲಿರಿಸಿ ಇನ್ನೊಂದು ಹಾಳೆಯನ್ನೋ ರಟ್ಟನ್ನೋ ಮೇಲಿಟ್ಟು ಸುತ್ತಲೂ ಶಾಖದಿಂದ ಬೆಸೆಯುತ್ತಾರೆ. ಇಲ್ಲಿ ಗಂಟಿಲ್ಲ, ಮಡಿಕೆಯಿಲ್ಲ, ಮುಚ್ಚಳವೂ ಇಲ್ಲ. ಎಲ್ಲಿಂದ ಮೊದಲುಮಾಡಬೇಕು ಎಂಬುದಕ್ಕೆ ಗುರುತೇ ಇಲ್ಲ.

ಹರಿಯುವುದೆಂದರೆ ಬಲದ ಮಾತಷ್ಟೇ ಅಲ್ಲ, ಮೊದಲಿನ ಮಾತು. ಜವಳಿ ಅಂಗಡಿಯಲ್ಲಿ ಬಟ್ಟೆ ಕೊಂಡವರು ಇದನ್ನು ಕಂಡಿರುತ್ತಾರೆ. ವ್ಯಾಪಾರಿ ಅಳತೆಯ ಜಾಗದಲ್ಲಿ ಕತ್ತರಿಯಿಂದ ಅಂಚಿಗೆ ಒಂದೇ ಒಂದು ಕಚ್ಚು ಕೊಡುತ್ತಾನೆ. ಅನಂತರ ಎರಡು ಕೈಯಿಂದ ಹಿಡಿದೆಳೆದರೆ ಬಟ್ಟೆ ಚರ್ರೆಂದು ನೇರವಾಗಿ ಸೀಳುತ್ತದೆ. ಆ ಕಚ್ಚಿಲ್ಲದೆ ಅದೇ ಬಟ್ಟೆಯನ್ನು ಎಳೆದು ನೋಡಿ, ಪೈಲ್ವಾನನಿಗೂ ಜಗ್ಗದು. ಕಚ್ಚಿಲ್ಲದಾಗ ಕೈಯ ಸೆಳೆತವೆಲ್ಲ ಬಟ್ಟೆಯ ಉದ್ದಗಲಕ್ಕೂ ಹಂಚಿಹೋಗುತ್ತದೆ. ಕಚ್ಚಿದ್ದಾಗ ಅದು ಆ ಒಂದು ಬಿಂದುವಿನಲ್ಲಿ ಬಂದು ಕೂಡುತ್ತದೆ. ಶಾಂಪೂ ಪೊಟ್ಟಣದ ಅಂಚಿನಲ್ಲಿ ಗರಗಸದ ಹಲ್ಲಿನಂತಹ ಕೊರೆತವಿರುವುದು ಅಂದಕ್ಕಾಗಿ ಅಲ್ಲ. ಆ ಸಣ್ಣ ಹಲ್ಲುಗಳೆಲ್ಲ ವ್ಯಾಪಾರಿಯ ಕತ್ತರಿ ಕೊಟ್ಟ ಕಚ್ಚುಗಳೇ. ಒಂದು ರೂಪಾಯಿಯ ಪೊಟ್ಟಣಕ್ಕೆ ದಕ್ಕಿದ ಈ ವಿವೇಕ ನೂರಾರು ರೂಪಾಯಿಯ ಸಾಮಾನಿನ ಕವಚಕ್ಕೆ ಏಕೆ ದಕ್ಕಲಿಲ್ಲ? ದುಡ್ಡಿನ ಅಭಾವದಿಂದ ಎನ್ನುವಂತಿಲ್ಲ.

ಕವಚವನ್ನು ಮಾಡಿದವನು ದಡ್ಡನಲ್ಲ. ಅವನು ಮೂವರನ್ನು ಚೆನ್ನಾಗಿ ನೆನೆದಿದ್ದಾನೆ: ದೂರದ ಕಾರ್ಖಾನೆಯಿಂದ ಕುಲುಕಾಡುತ್ತ ಸಾಮಾನು ಸಾಗಿಸುವ ಲಾರಿಯವನನ್ನು, ಕೊಳ್ಳುವ ಮುನ್ನ ಕಣ್ಣಾರೆ ನೋಡಬೇಕೆನ್ನುವ ಗಿರಾಕಿಯನ್ನು, ಮತ್ತು ಕಳ್ಳನನ್ನು. ಇವರಲ್ಲಿ ಕಳ್ಳನೇ ಮುಖ್ಯ. ಹಿಂದೆ ಅಂಗಡಿಯೆಂದರೆ ಕಟ್ಟೆಯ ಆಚೆಗೆ ಶೆಟ್ಟರು, ಈಚೆಗೆ ಗಿರಾಕಿ. ಕೇಳಿದ್ದನ್ನು ಶೆಟ್ಟರೇ ತೆಗೆದುಕೊಡುತ್ತಿದ್ದರು. ದೊಡ್ಡ ನಗರಗಳಲ್ಲಿ ಗಿರಾಕಿಯೇ ಒಳಹೊಕ್ಕು ಸಾಮಾನು ಎತ್ತಿಕೊಳ್ಳುವ ಮಳಿಗೆಗಳು ಬಂದ ಮೇಲೆ ಶೆಟ್ಟರ ಕಣ್ಣು ಇಲ್ಲವಾಯಿತು. ಚಿಕ್ಕದೂ ಬೆಲೆಯುಳ್ಳದೂ ಆದ ವಸ್ತು ಜೇಬಿಗೆ ಇಳಿಯದಂತೆ, ಅಲ್ಲೇ ಬಿಚ್ಚಿಕೊಳ್ಳಲೂ ಆಗದಂತೆ ಅಂಗೈಯಗಲದ ಕವಚ ಕಾವಲಿಗೆ ನಿಂತಿತು. ಇದರಲ್ಲಿ ಒಂದು ವಿನೋದವಿದೆ. ಕಟ್ಟಾಯದಂತಹ ಊರಿನ ಅಂಗಡಿಯಲ್ಲಿ ಅಂಗಡಿಯವರು ಇಂದಿಗೂ ಕಟ್ಟೆಯ ಆಚೆ ಕುಳಿತೇ ಇದ್ದಾರೆ. ಕೊಳ್ಳುವವರ ಮೂರು ತಲೆಮಾರು ಅವರಿಗೆ ಗೊತ್ತು. ಆದರೂ ಎಲ್ಲಿಯದೋ ಮಳಿಗೆಯ ಕಳ್ಳನಿಗಾಗಿ ಮಾಡಿದ ಕೋಟೆ ಕಟ್ಟಾಯದ ಅಜ್ಜಿಯ ಅಡಿಗೆಮನೆಗೆ ಬಂದು ನಿಂತಿದೆ. ಮೂವರನ್ನು ನೆನೆದವನು ನಾಲ್ಕನೆಯವರನ್ನು ಮರೆತ. ಅವರು ದುಡ್ಡು ಕೊಟ್ಟವರು.

ಕಟ್ಟುವುದರಲ್ಲಿ ಜಾಣನಾದ ಮನುಷ್ಯ ಬಿಚ್ಚುವುದನ್ನು ಮರೆತದ್ದು ಇದೇ ಮೊದಲಲ್ಲ. ಆಹಾರವನ್ನು ತಗಡಿನ ಡಬ್ಬಿಯಲ್ಲಿಟ್ಟು ಕೆಡದಂತೆ ಕಾಪಾಡುವ ಉಪಾಯಕ್ಕೆ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ಎಂಬಾತ 1810ರಲ್ಲಿ ಹಕ್ಕುಪತ್ರ ಪಡೆದ. ಡಬ್ಬಿಯನ್ನು ತೆರೆಯುವ ಸಾಧನಕ್ಕೆ ಅಮೆರಿಕದ ಎಜ್ರಾ ವಾರ್ನರ್ ಹಕ್ಕುಪತ್ರ ಪಡೆದದ್ದು 1858ರಲ್ಲಿ. ನಡುವಣ ನಲವತ್ತೆಂಟು ವರ್ಷ ಜನ ಉಳಿ ಸುತ್ತಿಗೆಗಳಿಂದ ಊಟದ ಡಬ್ಬಿಗಳನ್ನು ಒಡೆಯುತ್ತಿದ್ದರು. ಗಡುಸು ಪ್ಲಾಸ್ಟಿಕ್ಕಿನ ಕವಚ ಜನರನ್ನು ಎಷ್ಟು ರೇಗಿಸಿದೆಯೆಂದರೆ ಇಂಗ್ಲಿಷಿನಲ್ಲಿ ಆ ಕೋಪಕ್ಕೆ ‘ರ‍್ಯಾಪ್ ರೇಜ್’ ಎಂಬ ಹೆಸರೇ ಹುಟ್ಟಿಕೊಂಡಿತು. ಅಮೆರಿಕದ ಅಮೆಜಾನ್ ಸಂಸ್ಥೆ 2008ರಲ್ಲಿ ಕೆಲವು ಸಾಮಾನುಗಳನ್ನು ಸುಲಭವಾಗಿ ತೆರೆಯುವ ಸಾದಾ ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸಲು ತೊಡಗಿತು. ಅಂಚೆಯಲ್ಲಿ ಬರುವ ಸಾಮಾನಿಗೆ ಮಳಿಗೆಯ ಕಳ್ಳನ ಭಯವಿಲ್ಲವಲ್ಲ!

ನಮ್ಮ ಕಡೆಯ ಹಳೆಯ ಕಟ್ಟುಗಳನ್ನು ನೋಡಿದರೆ ಕಟ್ಟುವವನ ಕೈ ಬಿಚ್ಚುವವನ ಕೈಯನ್ನು ಅರಿತಿತ್ತೆಂದು ತೋರುತ್ತದೆ. ಸಂತೆಯಲ್ಲಿ ಬೆಣ್ಣೆಯನ್ನು ಎಲೆಯಲ್ಲಿ ಮಡಿಸಿ ಕೊಡುತ್ತಿದ್ದರು. ಎಲೆ ತಾನಾಗಿ ಅರಳುವ ವಸ್ತು. ಹೂವಿನ ಕಟ್ಟಿಗೆ ಬಾಳೆಯ ನಾರು. ಶೆಟ್ಟರ ತಲೆಯ ಮೇಲೆ ತೂಗಾಡುವ ಉಂಡೆಯಿಂದ ದಾರ ಸರಸರನೆ ಇಳಿದು, ಹಳೆಯ ಪತ್ರಿಕೆಯ ಪೊಟ್ಟಣವನ್ನು ನಾಲ್ಕು ಸುತ್ತು ಸುತ್ತಿ, ಬೆರಳ ಒಂದು ಸೆಳೆತಕ್ಕೆ ಕಿತ್ತುಕೊಳ್ಳುತ್ತಿತ್ತು. ಮನೆಯಲ್ಲಿ ಗಂಟು ಬಿಚ್ಚಿದ ಮೇಲೆ ದಾರ ಮತ್ತೊಂದು ಉಂಡೆ ಸೇರುತ್ತಿತ್ತು. ಕಾಗದದಲ್ಲಿದ್ದ ಅರ್ಧ ಕಥೆಯನ್ನು ಮಕ್ಕಳು ಓದುತ್ತಿದ್ದರು. ಯಂತ್ರ ಹೊಲಿದ ಬೂಸಾ ಚೀಲದಲ್ಲಿಯೂ ಈ ವಿವೇಕ ಉಳಿದಿದೆ. ಅದರ ಬಾಯಿಗೆ ಹಾಕುವುದು ಸರಪಣಿ ಹೊಲಿಗೆ. ಸರಿಯಾದ ತುದಿಯ ದಾರವನ್ನು ಹಿಡಿದೆಳೆದರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿಯಿಂದ ಎಳೆದವನು ಕುಡುಗೋಲು ಹುಡುಕಬೇಕಾಗುತ್ತದೆ. ಯಾವ ತುದಿ ಎಂಬುದು ಹಸು ಕಟ್ಟಿದ ಮನೆಯವರಿಗೆಲ್ಲ ಗೊತ್ತು.

ತೆಂಗಿನಕಾಯಿ ಬಿಗಿಯಾದ ಕಟ್ಟಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಆದರೆ ಚಿಪ್ಪಿನ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ. ಮೊಳಕೆ ಹೊರಗೆ ಬರುವುದು ಅದರಿಂದಲೇ. ಕೆರೆ ಕಟ್ಟಿದವರು ತೂಬನ್ನು ಮರೆಯಲಿಲ್ಲ. ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ 1979ರಲ್ಲಿ ಅಣೆಕಟ್ಟನ್ನು ಮುಗಿಸಿದವರೂ ನೀರು ಬಿಡುವ ಬಾಗಿಲುಗಳನ್ನು ಇಟ್ಟೇ ಕಟ್ಟಿದರು. ನದಿಯನ್ನು ಕಟ್ಟುವಾಗ ಇದ್ದ ಎಚ್ಚರ ಬ್ಯಾಟರಿಯನ್ನು ಕಟ್ಟುವಾಗ ಇರಲಿಲ್ಲ.

ಹಾಗೆಂದು ಹಳೆಯದೆಲ್ಲ ಚೆನ್ನವೆಂದು ಹೊಗಳುವುದೂ ಸಲ್ಲದು. ಕಾಗದದ ಪೊಟ್ಟಣದ ಸಕ್ಕರೆ ಸಂತೆಯಿಂದ ಮನೆಗೆ ಬರುವಷ್ಟರಲ್ಲಿ ಮಳೆಗೆ ನೆನೆದು ಪಾಕವಾದದ್ದುಂಟು. ಇರುವೆಗೆ ಯಾವ ಪೊಟ್ಟಣವೂ ಅಡ್ಡಿಯಲ್ಲ. ಇನ್ನೂ ಗಂಭೀರವಾದ ಮಾತೊಂದಿದೆ. ಅದೇ ಮನೆಯಲ್ಲಿ ಅಜ್ಜಿಯ ಮಗಳ ಎರಡು ವರ್ಷದ ಕೂಸು ಓಡಾಡುತ್ತಿದೆಯೆನ್ನಿ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು. ಬಿಲ್ಲೆ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅಲ್ಲಿನ ಮಾಂಸವನ್ನು ಸುಡಬಲ್ಲದು, ಪ್ರಾಣಕ್ಕೇ ಅಪಾಯ. ಅಜ್ಜಿಯನ್ನು ಕಾಡಿದ ಕವಚವೇ ಆ ಕೂಸನ್ನು ಕಾಯುವ ಕವಚ. ಅದನ್ನು ಸಡಿಲಮಾಡಿ ಎಂದುಬಿಡುವುದು ಸುಲಭ. ಸಡಿಲವಾದದ್ದು ಯಾರ ಕೈಗೆ ಸಿಕ್ಕೀತು ಎಂಬುದು ಕಷ್ಟದ ಪ್ರಶ್ನೆ.

ಈ ಪ್ರಶ್ನೆಯನ್ನು ಬಿಡಿಸಲು ನಡೆದ ಒಂದು ಪ್ರಯತ್ನ ಗಮನಾರ್ಹವಾದುದು. ಮಕ್ಕಳು ಮನೆಯ ಔಷಧಿಗಳನ್ನು ನುಂಗಿ ಸಾಯುವುದನ್ನು ತಡೆಯಲು ಅಮೆರಿಕ ದೇಶ 1970ರಲ್ಲಿ ಒಂದು ಕಾಯಿದೆ ಮಾಡಿತು. ಅದರಂತೆ ಸೀಸೆ ಡಬ್ಬಿಗಳನ್ನು ಮಕ್ಕಳ ಕೈಯಲ್ಲೇ ಕೊಟ್ಟು ಪರೀಕ್ಷಿಸುತ್ತಾರೆ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳಿಗೆ ಐದು ನಿಮಿಷ ಕಾಲಾವಕಾಶ. ಆಮೇಲೆ ತೆರೆಯುವ ಬಗೆಯನ್ನು ತೋರಿಸಿ, ಬೇಕಾದರೆ ಹಲ್ಲಿನಿಂದ ಕಚ್ಚಬಹುದೆಂದೂ ಹೇಳಿ ಇನ್ನೈದು ನಿಮಿಷ. ಆಗಲೂ ನೂರಕ್ಕೆ ಎಂಬತ್ತು ಮಕ್ಕಳು ಸೋತರೆ ಮಾತ್ರ ಆ ಡಬ್ಬಿ ಗೆದ್ದಂತೆ. ಆದರೆ ದೊಡ್ಡವರ ಪರೀಕ್ಷೆಗೆ ಕರೆಯುತ್ತಿದ್ದುದು ಗಟ್ಟಿಮುಟ್ಟಾದ ಪ್ರಾಯದವರನ್ನು. ಫಲವೇನೆಂದರೆ, ಕೀಲುನೋವಿನ ಮುದುಕರಿಗೆ ಆ ಮುಚ್ಚಳಗಳು ತೆರೆಯುತ್ತಿರಲಿಲ್ಲ. ಬೇಸತ್ತವರು ಅವನ್ನು ಮುಚ್ಚದೆ ಬಿಟ್ಟರೆ ಔಷಧಿ ಮತ್ತೆ ಮೊಮ್ಮಕ್ಕಳ ಕೈಗೇ! ಆದ್ದರಿಂದ 1995ರಲ್ಲಿ ನಿಯಮವನ್ನು ತಿದ್ದಿ, ಐವತ್ತರಿಂದ ಎಪ್ಪತ್ತು ವರ್ಷದವರಲ್ಲಿ ನೂರಕ್ಕೆ ತೊಂಬತ್ತು ಮಂದಿಯಾದರೂ ತೆರೆಯುವಂತಿರಬೇಕೆಂದು ವಿಧಿಸಿದರು. ತುಸು ಒತ್ತಿ ತಿರುಗಿಸುವ ಮುಚ್ಚಳ ಇಂಥದು. ಅದಕ್ಕೆ ಬೇಕಾದದ್ದು ಬಲವಲ್ಲ, ಎರಡು ಕೆಲಸಗಳನ್ನು ಒಟ್ಟಿಗೆ ಮಾಡುವ ತಿಳಿವಳಿಕೆ. ಅದು ಅಜ್ಜಿಯಲ್ಲಿದೆ, ಕೂಸಿನಲ್ಲಿಲ್ಲ. 2022ರಲ್ಲಿ ಅಮೆರಿಕ ಬಿಲ್ಲೆ ಬ್ಯಾಟರಿಗಳ ಹೊದಿಕೆಗೂ ಮಕ್ಕಳ ರಕ್ಷಣೆಯ ನಿಯಮವನ್ನು ವಿಸ್ತರಿಸಿತು.

ಬಿಚ್ಚಿದ ಮೇಲೆ ಉಳಿಯುವ ಕವಚದ ಕಥೆಯೂ ಇದೆ. ಉಂಡೆ ಸೇರುವ ದಾರವೂ ಅಲ್ಲ, ಓದುವ ಕಾಗದವೂ ಅಲ್ಲ. ತಿಪ್ಪೆಗೆ ಹಾಕಿದರೆ ಗೊಬ್ಬರವಾಗದು, ಒಲೆಗೆ ಹಾಕಿದರೆ ವಿಷದ ಹೊಗೆ. ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ ಮುಂತಾದವುಗಳನ್ನು ನಿಷೇಧಿಸಿತು. ಭಾರತ ಸರಕಾರ 2022ರ ಜುಲೈ 1ರಿಂದ ಚಮಚ, ಲೋಟ, ಮಿಠಾಯಿ ಪೆಟ್ಟಿಗೆಯ ಮೇಲಿನ ತೆಳುಹಾಳೆ ಮೊದಲಾದವನ್ನು ತಡೆಯಿತು. ಬ್ಯಾಟರಿ ಆಟಿಕೆಗಳ ಗಡುಸು ಕವಚ ಆ ಪಟ್ಟಿಯಲ್ಲಿ ಸೇರಲಿಲ್ಲ.

ಇತ್ತ ಕಟ್ಟಾಯದ ಮನೆಯಲ್ಲಿ ಮೊಮ್ಮಗನ ಹೆಬ್ಬೆರಳಿಗೆ ಅರಿಸಿನ ಒತ್ತಿದ ಅಜ್ಜಿ ತನ್ನ ಎಲೆಯಡಿಕೆಯ ಚೀಲಕ್ಕೆ ಕೈಹಾಕಿ ಅಡಕತ್ತರಿಯನ್ನು ತೆಗೆದಳು. ಕೈವಾರ ಮಾಡಿದ್ದ ತೂತಿಗೆ ನೇರವಾಗಿ ಕವಚದ ಅಂಚನ್ನು ಅದರ ಬಾಯಿಗಿಟ್ಟು, ಗೋಟಡಿಕೆಯನ್ನು ಕತ್ತರಿಸುವಂತೆ ಅದುಮಿದಳು. ಕಟಕ್ಕೆಂದಿತು. ಅಂಚಿನಿಂದ ತೂತಿನವರೆಗೆ ಕಚ್ಚು ಬಿದ್ದ ಮೇಲೆ ಉಳಿದದ್ದು ಇಬ್ಬರೂ ಆಚೀಚೆ ಹಿಡಿದೆಳೆದುದಕ್ಕೆ ಸೀಳಿತು. ಬ್ಯಾಟರಿಯೊಂದು ಉರುಳಿ ನೆಲಕ್ಕೆ ಬಿದ್ದಾಗ ಕೂಸು ಅದರತ್ತ ಕೈಚಾಚಿತ್ತು. ಅಜ್ಜಿ ಅದನ್ನು ಹೆಕ್ಕಿಕೊಂಡು, ಕೂಸಿಗೆ ಎಟುಕದ ದೇವರ ಗೂಡಿನಲ್ಲಿಟ್ಟಳು. ಇನ್ನೊಂದನ್ನು ಮೊಮ್ಮಗ ಯಂತ್ರಕ್ಕೆ ಹಾಕಿದ. ಯಂತ್ರ ಕಣ್ಣು ತೆರೆದು 142 ಎಂದು ತೋರಿಸಿತು.

“ಇವತ್ತು ಪರವಾಗಿಲ್ಲ ಕಣ್ ಮಗ” ಎಂದು ಅಜ್ಜಿ ಇನ್ಸುಲಿನ್ ಸೂಜಿಯನ್ನು ಕೈಗೆತ್ತಿಕೊಂಡಳು. ಮೊಮ್ಮಗ ಹರಿದ ಕವಚವನ್ನು ಎಲ್ಲಿ ಹಾಕುವುದೆಂದು ಒಂದು ಗಳಿಗೆ ಅತ್ತಿತ್ತ ನೋಡಿ, ಕಿಟಕಿಯ ಮೇಲಿಟ್ಟು, ಶಾಲೆಗೆ ಓಡಿದ.