ನೀರಿನ ವಿಷವನ್ನು ಬೆಳಕು ತೋರಿಸಬಲ್ಲದೇ?



ಬಾವಿಯ ನೀರು ತಿಳಿಯಾಗಿದ್ದರೆ ಅದು ಶುದ್ಧವೆಂದೇ ನಾವು ನಂಬುತ್ತೇವೆ. ಆದರೆ ನೀರಿನಲ್ಲಿ ಸೇರಿದ ಅಲ್ಪ ಪ್ರಮಾಣದ ಕೀಟನಾಶಕವು ಕಣ್ಣಿಗೂ ಕಾಣದು, ನಾಲಗೆಗೂ ತಿಳಿಯದು. ನಮ್ಮ ಜಿಲ್ಲೆಯ ಸರಕಾರಿ ಗೇರುತೋಟಗಳಿಗೆ 2000ನೇ ಇಸವಿಯವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಹೆಚ್ಚುತ್ತಿದ್ದ ಕಾಯಿಲೆಗಳತ್ತ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಗಮನ ಸೆಳೆದರು. 2001ರಲ್ಲಿ ಅಲ್ಲಿನ ಮಾದರಿಗಳ ಪರೀಕ್ಷೆ ನಡೆದದ್ದು ದೂರದ ದೆಹಲಿಯಲ್ಲಿ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಇಂತಹ ವಿಷವನ್ನು ನಮ್ಮೂರಲ್ಲೇ ಪತ್ತೆ ಹಚ್ಚಲಾಗದೇ?

ಬೆಳಗುವ ಕಣಗಳು

ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲೇ ನ್ಯಾನೋಮೀಟರ್. ಕೆಲವೇ ನ್ಯಾನೋಮೀಟರ್ ಗಾತ್ರದ ಕೆಲವು ಕಣಗಳ ಮೇಲೆ ನೇರಳಾತೀತ ಕಿರಣ ಬಿದ್ದರೆ ಅವು ಬಣ್ಣದ ಬೆಳಕು ಸೂಸುತ್ತವೆ. ವಸ್ತು ಒಂದೇ ಆದರೂ ಚಿಕ್ಕ ಕಣ ನೀಲಿ, ದೊಡ್ಡ ಕಣ ಕೆಂಪು. ಇವುಗಳಿಗೆ ಕ್ವಾಂಟಮ್ ಡಾಟ್ ಎಂದು ಹೆಸರು. ಇವುಗಳ ಸಂಶೋಧನೆಗಾಗಿ ಬಾವೆಂಡಿ, ಬ್ರೂಸ್, ಎಕಿಮೊವ್ ಎಂಬ ಮೂವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ದೊರೆಯಿತು.

ಕ್ಯಾನ್ಸರ್ ಕೋಶಕ್ಕೆ ಅಂಟಿಕೊಳ್ಳುವ ಪ್ರೊಟೀನನ್ನು ಈ ಕಣಕ್ಕೆ ಜೋಡಿಸಿದರೆ, ಸೂಕ್ಷ್ಮದರ್ಶಕದಲ್ಲಿ ರೋಗದ ಕೋಶಗಳು ಹೊಳೆದು ಕಾಣುತ್ತವೆ. ಆದರೆ ಹಲವು ಕಣಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹವಿರುವುದರಿಂದ ಅವನ್ನು ಮನುಷ್ಯರ ದೇಹದೊಳಗೆ ಬಿಡುವುದು ಅಪಾಯಕರ. ಆದುದರಿಂದ ವಿಜ್ಞಾನಿಗಳು ಇಂಗಾಲದ ಕಣಗಳನ್ನು ಪರೀಕ್ಷಿಸುತ್ತಿದ್ದಾರೆ.

ವಿಷದ ಪತ್ತೆ ಹೇಗೆ?

ಅಡಿಕೆಗೆ ಬಿಡುವ ಬೋರ್ಡೋ ಮದ್ದಿನ ಮೈಲುತುತ್ತಿನಲ್ಲಿ ತಾಮ್ರವಿದೆ. ನೀರಿನಲ್ಲಿ ಕರಗಿದ ತಾಮ್ರ ಹತ್ತಿರ ಬಂದರೆ ಇಂತಹ ಹಲವು ಕಣಗಳ ಬೆಳಕು ಮಂಕಾಗುತ್ತದೆ. ಎಷ್ಟು ಮಂಕಾಯಿತೆಂದು ಅಳೆದರೆ ತಾಮ್ರ ಎಷ್ಟಿದೆಯೆಂದು ತಿಳಿಯಬಹುದು.

ಎಂಡೋಸಲ್ಫಾನಿಗೆ ಇದಕ್ಕೆ ಹತ್ತಿರದ ಉಪಾಯವೊಂದನ್ನು ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಚಿನ್ನದ ನ್ಯಾನೋ ಕಣಗಳಿರುವ ದ್ರಾವಣ ಕೆಂಪಾಗಿರುತ್ತದೆ. ವಿಷ ಕಣಗಳಿಗೆ ಅಂಟಿದಾಗ ಅದರ ಬಣ್ಣ ಬದಲಾಗುತ್ತದೆ. ಇಲ್ಲಿ ಕಣ ಬೆಳಗುವುದಿಲ್ಲ, ಬಣ್ಣವೇ ಸುಳಿವು.

ಆದರೆ ಒಂದು ಮಾತು ನೆನಪಿರಲಿ. ಆ ವಿಧಾನ ಲೀಟರಿಗೆ ಮಿಲಿಗ್ರಾಂ ಲೆಕ್ಕದ ವಿಷವನ್ನು ತೋರಿಸುವಂಥದ್ದು. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿಯೋ ಲೀಟರಿಗೆ ಕೇವಲ 0.4 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ 2500ನೇ ಒಂದು ಪಾಲು. ಆದ್ದರಿಂದ ಯಾವುದೇ ಪರೀಕ್ಷೆಯಲ್ಲಿ "ಏನೂ ಕಾಣಲಿಲ್ಲ" ಎಂದರೆ "ಏನೂ ಇಲ್ಲ" ಎಂದು ಅರ್ಥವಲ್ಲ. ಅದು ಎಷ್ಟು ಕಡಿಮೆ ವಿಷವನ್ನು ಗುರುತಿಸಬಲ್ಲದೆಂದು ಮೊದಲು ಕೇಳಬೇಕು.

ನಾವು ಮಾಡಬೇಕಾದುದು

1. ಮದ್ದು ಬಿಟ್ಟ ಪಂಪು, ಬಾಲ್ದಿಗಳನ್ನು ಬಾವಿ, ಸುರಂಗ, ತೋಡುಗಳ ಬಳಿ ತೊಳೆಯಬೇಡಿ.
2. ನೀರು ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕೀಟನಾಶಕವೂ ಹೋಗುತ್ತದೆಂದು ನಂಬಬೇಡಿ.
3. ಖಾಲಿ ವಿಷದ ಬಾಟಲಿಯನ್ನು ಮನೆಯ ಯಾವ ಕೆಲಸಕ್ಕೂ ಬಳಸಬೇಡಿ.
4. ಮದ್ದು ಬಿಟ್ಟವರಿಗೆ ತಲೆಸುತ್ತು, ವಾಂತಿ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯ ಚೀಟಿಯನ್ನು ವೈದ್ಯರಿಗೆ ತೋರಿಸಿರಿ.

ವಿಷ ಬಿದ್ದ ಮೇಲೆ ಪತ್ತೆ ಹಚ್ಚುವುದು ವಿಜ್ಞಾನಿಗಳ ಕೆಲಸ. ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.